ರೆಕ್ಕೆಯುಳ್ಳ ಬಂದಿಗಳು ನಂಬಲು ಕಲಿತ ಕಥೆ

ಕನ್ನಡ ಮಾಧ್ಯಮದ ಮಕ್ಕಳು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಥೆಪುಸ್ತಕಗಳತ್ತ ಕೈಚಾಚಿದಾಗ ಅವರನ್ನು ಸೆಳೆಯುವುದು ಹೆಚ್ಚಾಗಿ ಅದ್ಭುತ ಲೋಕದ ಕಾದಂಬರಿಗಳು. ರೆಕ್ಕೆಯುಳ್ಳ ಹುಡುಗ ಹುಡುಗಿಯರ ರಕ್ಷಾಪುಟ ಕಂಡೊಡನೆ ಪುಸ್ತಕ ಕಸಿದಿಡುವ ಪೋಷಕರೂ ಉಂಟು. ಅಂತಹ ಒಂದು ಸರಣಿಯ ಒಳಗೇನಿದೆ ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಅಮೆರಿಕದ ಜೇಮ್ಸ್ ಪ್ಯಾಟರ್ಸನ್ 2005ರಲ್ಲಿ ಆರಂಭಿಸಿದ ‘ಮ್ಯಾಕ್ಸಿಮಮ್ ರೈಡ್’ ಸರಣಿಯಲ್ಲಿ ಒಂಬತ್ತು ಕಾದಂಬರಿಗಳಿವೆ. ಕೊನೆಯದು ಬಂದದ್ದು 2015ರಲ್ಲಿ. ಕಥೆಯ ಕೇಂದ್ರದಲ್ಲಿ ಆರು ಮಕ್ಕಳು. ಅವರ ದೇಹದಲ್ಲಿ ಶೇ. 98 ಮನುಷ್ಯಾಂಶ, ಶೇ. 2 ಹಕ್ಕಿಯ ಅಂಶ. ಪ್ರಯೋಗಾಲಯದಲ್ಲಿ ನಾಯಿಗೂಡುಗಳೊಳಗೆ ಬೆಳೆದವರು ಇವರು. ಆ ಪ್ರಯೋಗಾಲಯಕ್ಕೆ ಕಥೆಯಲ್ಲಿ ‘ಸ್ಕೂಲ್’ ಎಂದೇ ಹೆಸರು. ಶಿಕ್ಷಕರಾದ ನಮಗೆ ಇದು ಚುಚ್ಚದೆ ಇರಲಿಲ್ಲ. ಇಗ್ಗಿ ಎಂಬ ಹುಡುಗನಿಗೆ ಕತ್ತಲಲ್ಲೂ ಕಾಣುವ ಶಕ್ತಿ ಕೊಡಹೊರಟ ವಿಜ್ಞಾನಿಗಳು ಅವನ ಇದ್ದ ಕಣ್ಣನ್ನೂ ಕಳೆದರು. ಜೆಬ್ ಎಂಬಾತ ಈ ಮಕ್ಕಳನ್ನು ಬಿಡಿಸಿ, ತಂದೆಯಂತೆ ಸಲಹಿ, ಒಂದು ದಿನ ಕಣ್ಮರೆಯಾಗುತ್ತಾನೆ. ಸತ್ತನೆಂದು ಅವರು ನಂಬಿದ್ದ ಅದೇ ವ್ಯಕ್ತಿ ಮುಂದೆ ಶತ್ರುಗಳ ನಡುವೆ ಕಾಣಿಸಿಕೊಳ್ಳುತ್ತಾನೆ.

ಇಂತಹ ಮಕ್ಕಳು ಯಾರನ್ನಾದರೂ ಹೇಗೆ ನಂಬಿಯಾರು? ಮೊದಲ ಸಂಪುಟದ ಒಳ್ಳೆಯ ಭಾಗವಿರುವುದು ಇಲ್ಲಿಯೇ. ಪುಂಡರ ಕೈಗೆ ಸಿಕ್ಕ ಎಲಾ ಎಂಬ ಹುಡುಗಿಯನ್ನು ಬಿಡಿಸಲು ಹೋಗಿ 14 ವರ್ಷದ ಮ್ಯಾಕ್ಸ್ ಗುಂಡೇಟು ತಿನ್ನುತ್ತಾಳೆ. ಎಲಾಳ ತಾಯಿ ಪಶುವೈದ್ಯೆ. ರೆಕ್ಕೆ ಕಂಡು ಅವರು ಬೆರಗಾದರೂ ಪೊಲೀಸರನ್ನು ಕರೆಯುವುದಿಲ್ಲ, ಪ್ರಶ್ನೆಗಳ ಮಳೆಗರೆಯುವುದಿಲ್ಲ. ಗಾಯಕ್ಕೆ ಮದ್ದು ಹಾಕಿ, ಉಣಬಡಿಸಿ, ಮನೆಯಲ್ಲೇ ಚಾಕೊಲೆಟ್ ಬಿಸ್ಕತ್ತು ಬೇಯಿಸಿ ಕೊಡುತ್ತಾರೆ. ಆದರೂ ಚಿಕಿತ್ಸಾಲಯದ ಔಷಧಿಯ ವಾಸನೆ ಮೂಗಿಗೆ ಬಡಿದೊಡನೆ ಮ್ಯಾಕ್ಸ್ ನಡುಗುತ್ತಾಳೆ. ಮನಸ್ಸು ಒಪ್ಪಿದ ಮೇಲೂ ದೇಹ ಹಳೆಯ ಸೆರೆಯನ್ನು ಮರೆಯದೆಂಬುದನ್ನು ಲೇಖಕರು ಚೆನ್ನಾಗಿ ಬಲ್ಲರು. ಹೊಸ ಶಾಲೆಗೆ ಬಂದು ತಿಂಗಳುಗಟ್ಟಲೆ ಬಾಯಿ ತೆರೆಯದ ಮಗುವನ್ನು ಕಂಡವರಿಗೆ ಇದು ಅಪರಿಚಿತವೇನಲ್ಲ.

ಆರು ಮಂದಿಯ ನಡುವಿನ ನಂಬಿಕೆಗೆ ಅವರದೇ ಒಂದು ಪದ್ಧತಿಯಿದೆ. ಮಲಗುವ ಮೊದಲು ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ಒಬ್ಬರ ಕೈಯನ್ನು ಇನ್ನೊಬ್ಬರು ತಟ್ಟುತ್ತಾರೆ. ಅನಂತರ ಸರದಿಯಂತೆ ಕಾವಲು. ಮ್ಯಾಕ್ಸ್ ಮತ್ತು ಫ್ಯಾಂಗ್ ನಡುವಿನ ಒಲವು ಮೊದಲ ಸಂಪುಟದಲ್ಲಿ ಸುಳಿದು, ಮುಂದಿನವುಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಪೋಷಕರು ಅಂಜಬೇಕಾದುದು ಅದಕ್ಕಲ್ಲ. ಹೊಡೆದಾಟ ಧಾರಾಳವಾಗಿದೆ, ಎಂಟನೆಯ ತರಗತಿಗಿಂತ ಕೆಳಗಿನವರಿಗೆ ಬೇಡವೆಂಬುದು ನಮ್ಮ ಅಭಿಪ್ರಾಯ. ಕೊನೆಕೊನೆಯ ಸಂಪುಟಗಳಲ್ಲಿ ಕಥೆ ಜಾಳಾಗಿದೆಯೆಂದೂ ಹೇಳಲೇಬೇಕು.

ಅಧ್ಯಾಯಗಳು ಎರಡು ಮೂರು ಪುಟಗಳಷ್ಟೇ. ಭಾಷೆ ಆಡುಮಾತಿಗೆ ಹತ್ತಿರ. ಆದುದರಿಂದ ಇಂಗ್ಲಿಷಿಗೆ ಅಳುಕುವ ಮಕ್ಕಳಿಗೂ ಓದು ಸಾಗುತ್ತದೆ. ಓದಿದ ಅಧ್ಯಾಯವನ್ನು ರಾತ್ರಿ ಊಟದ ಹೊತ್ತಿಗೆ ಕನ್ನಡದಲ್ಲಿ ಹೇಳಿಸಿರಿ. ತಮ್ಮನ್ನು ತಾವು ‘ಫ್ಲಾಕ್’ ಎಂದು ಕರೆದುಕೊಳ್ಳುವ ಈ ಆರು ಮಂದಿಗೆ ಕನ್ನಡದಲ್ಲಿ ಏನೆನ್ನಬೇಕು, ಹಿಂಡೇ, ಬಳಗವೇ? ಮಕ್ಕಳೇ ವಾದಿಸಲಿ. ಸೂರ್ಯನ ಬೇಗೆಯಿಂದ ತಮ್ಮ ಜಟಾಯುವನ್ನು ಕಾಯಲು ತನ್ನ ರೆಕ್ಕೆ ಸುಟ್ಟುಕೊಂಡ ಸಂಪಾತಿಯ ಕಥೆಯನ್ನು ಮನೆಯ ಹಿರಿಯರು ಅದೇ ಹೊತ್ತಿಗೆ ಹೇಳಬಹುದು.