ಅಂಟಿಲ್ಲದ ಕಾಗದದ ಚೆಂಡು

ದೀಪಾವಳಿ ಸಮೀಪಿಸಿತೆಂದರೆ ಬೀದರ ನಗರದ ಓಣಿಗಳಲ್ಲಿ ಮನೆಗಳ ಮುಂದೆ ಆಕಾಶಬುಟ್ಟಿಗಳು ತೂಗತೊಡಗುತ್ತವೆ. ಭಾಲ್ಕಿಯಲ್ಲಿಯೂ, ರಾಜ್ಯದ ಉತ್ತರದ ತುದಿಯಲ್ಲಿರುವ ಔರಾದದಲ್ಲಿಯೂ ಇದೇ ನೋಟ. ಔರಾದದ ಗಡಿ ದಾಟಿದೊಡನೆ ಅದೇ ಬುಟ್ಟಿಗೆ ಆಕಾಶಕಂದೀಲ ಎಂಬ ಮರಾಠಿ ಹೆಸರು ಕೇಳಿಬರುತ್ತದೆ. ಈಗ ಪ್ಲಾಸ್ಟಿಕ್ಕಿನ ಸಿದ್ಧ ಬುಟ್ಟಿಗಳು ಪೇಟೆಯನ್ನು ತುಂಬಿವೆ. ಆದರೆ ಮನೆಯಲ್ಲಿಯೇ ಮಾಡಿದ ಬುಟ್ಟಿಯ ಅಂದವೇ ಬೇರೆ. ಬಿದಿರಿನ ಕಡ್ಡಿಗಳನ್ನು ಸೀಳಿ, ದಾರದಿಂದ ಬಿಗಿದು, ಮೊದಲು ಒಂದು ಹಂದರವನ್ನು ಕಟ್ಟಬೇಕು. ಅದರ ಮೇಲೆ ಬಣ್ಣದ ತೆಳುಕಾಗದವನ್ನು ಹಿಟ್ಟಿನ ಅಂಟಿನಿಂದ ಹಚ್ಚಬೇಕು. ಹಂದರವೇ ಅದರ ಎಲುಬು, ಅಂಟೇ ಅದರ ಬಂಧ. ಕಾಗದವು ಕೇವಲ ಹೊದಿಕೆ.

ಎಲುಬೂ ಇಲ್ಲದೆ, ಅಂಟೂ ಇಲ್ಲದೆ, ಕಾಗದವೊಂದರಿಂದಲೇ ದುಂಡನೆಯ ಗಟ್ಟಿಯಾದ ಚೆಂಡನ್ನು ಕಟ್ಟಲು ಸಾಧ್ಯವೆ? ಕಾಗದದಂತಹ ದುರ್ಬಲ ವಸ್ತುವಿನಿಂದ ಅದು ಆಗದೆಂದೇ ಯಾರಿಗಾದರೂ ತೋರುತ್ತದೆ. ಆದರೆ ಜಪಾನಿನ ಜನರು ಅಂತಹ ಚೆಂಡುಗಳನ್ನು ಮಾಡಿ ತೋರಿಸಿದ್ದಾರೆ. ಅವುಗಳಿಗೆ ‘ಕುಸುದಾಮ’ ಎಂದು ಹೆಸರು. ಸಂಸ್ಕೃತದ ಕುಸುಮವೂ ದಾಮವೂ ಸೇರಿದಂತೆ ಕಿವಿಗೆ ಕೇಳಿಸಿದರೂ ಆ ಹೆಸರಿಗೂ ಹೂಮಾಲೆಗೂ ಸಂಬಂಧವಿಲ್ಲ. ಜಪಾನಿ ಭಾಷೆಯಲ್ಲಿ ‘ಕುಸುರಿ’ ಎಂದರೆ ಔಷಧಿ, ‘ತಾಮ’ ಎಂದರೆ ಗುಂಡು. ಎರಡೂ ಕೂಡಿ ಔಷಧಿಯ ಚೆಂಡು ಎಂಬ ಅರ್ಥವಾಗುತ್ತದೆ.

ಅಲಂಕಾರದ ವಸ್ತುವಿಗೆ ಔಷಧಿಯ ಹೆಸರು ಬಂದದ್ದು ಹೇಗೆ? ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಜಪಾನಿನ ಅರಮನೆಯಲ್ಲಿ, ವರ್ಷದ ಐದನೆಯ ತಿಂಗಳ ಐದನೆಯ ದಿನ ಒಂದು ಹಬ್ಬ ನಡೆಯುತ್ತಿತ್ತು. ಬಿಸಿಲೂ ಮಳೆಯೂ ಕೂಡಿ ರೋಗಗಳು ಹೆಚ್ಚುವ ಕಾಲವದು. ಸುಗಂಧದ ಮೂಲಿಕೆಗಳನ್ನು ಚೆಂಡಿನಂತೆ ಕಟ್ಟಿ, ಐದು ಬಣ್ಣದ ದಾರಗಳನ್ನು ಇಳಿಬಿಟ್ಟು, ಕಂಬಗಳಿಗೆ ತೂಗುಹಾಕುತ್ತಿದ್ದರು. ಆ ಪರಿಮಳದಿಂದ ರೋಗವೂ ಕೆಡುಕೂ ದೂರವಾಗುವುವೆಂದು ಅವರ ನಂಬಿಕೆ. ಸೇ ಶೋನಾಗೊನ್ ಎಂಬ ಅರಮನೆಯ ಲೇಖಕಿ ಅದೇ ಕಾಲದಲ್ಲಿ ಬರೆದ ‘ತಲೆದಿಂಬಿನ ಪುಸ್ತಕ’ದಲ್ಲಿಯೂ ಈ ಚೆಂಡುಗಳ ಪ್ರಸ್ತಾಪವಿದೆ. ಅವುಗಳಲ್ಲಿ ಸೇರುತ್ತಿದ್ದ ಮೂಲಿಕೆಗಳನ್ನು ನೋಡಿದರೆ ಕನ್ನಡಿಗರಿಗೆ ಆಶ್ಚರ್ಯವಾದೀತು. ಒಂದು, ಹಬ್ಬದ ಮುಖ್ಯ ಸಸ್ಯವಾದ ಬಜೆ. ನಮ್ಮ ನಾಡಿನ ಅಜ್ಜಿಯರು ತೇಯ್ದು ಕೂಸಿನ ನಾಲಗೆಗೆ ಹಚ್ಚುತ್ತಿದ್ದ ಬೇರು ಅದೇ ಗಿಡದ್ದು. ಇನ್ನೊಂದು, ಇಲ್ಲಿಯ ಮಾಚಿಪತ್ರೆಯ ಹತ್ತಿರದ ಬಂಧುವಾದ ಪರಿಮಳದ ಎಲೆ. ಯುಗಾದಿಯಂದು ಬಾಗಿಲಿಗೆ ಬೇವನ್ನೂ ಮಾವನ್ನೂ ಕಟ್ಟುವ ಮನೆಗೆ ಈ ಚೆಂಡು ಅಷ್ಟೇನೂ ಅಪರಿಚಿತವಲ್ಲ.

ಕಾಲ ಕಳೆದಂತೆ ಮೂಲಿಕೆಗಳ ಸ್ಥಾನಕ್ಕೆ ಕೃತಕ ಹೂಗಳು ಬಂದವು. ಮುಂದೆ ಕಾಗದದ ಹೂಗಳೇ ಚೆಂಡಾದವು. ಔಷಧಿ ಹೋಯಿತು, ಹೆಸರು ಉಳಿಯಿತು. ಇಂದಿಗೂ ಜಪಾನಿನಲ್ಲಿ ಹೊಸ ಅಂಗಡಿಯ ಪ್ರಾರಂಭಕ್ಕೋ ಹಡಗನ್ನು ನೀರಿಗಿಳಿಸುವ ಸಮಾರಂಭಕ್ಕೋ ದೊಡ್ಡದೊಂದು ಚೆಂಡನ್ನು ತೂಗುಹಾಕಿ, ದಾರವನ್ನೆಳೆದು ಇಬ್ಭಾಗಮಾಡಿ, ಒಳಗಿನ ಬಣ್ಣದ ಚೂರುಗಳನ್ನು ಸುರಿಸುವುದುಂಟು. ಅದಕ್ಕೂ ಕುಸುದಾಮವೆಂದೇ ಹೆಸರು.

ಕಾಗದ ಜಪಾನಿನಲ್ಲಿ ಹುಟ್ಟಿದ್ದಲ್ಲ. ಅದನ್ನು ಮಾಡುವ ವಿದ್ಯೆ ಚೀನದಿಂದ ಕೊರಿಯಾಕ್ಕೆ, ಅಲ್ಲಿಂದ ಬೌದ್ಧ ಭಿಕ್ಷುವೊಬ್ಬನ ಮೂಲಕ 610ರಲ್ಲಿ ಜಪಾನಿಗೆ ಬಂದಿತೆಂದು ಆ ದೇಶದ ಹಳೆಯ ಚರಿತ್ರೆ ಹೇಳುತ್ತದೆ. ಬೀದರಿನಲ್ಲಿಯೂ ಕಾಗದಕ್ಕೆ ಹಳೆಯ ಮರ್ಯಾದೆಯುಂಟು. ಬಹಮನಿ ರಾಜ್ಯದ ಮಂತ್ರಿ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಸುಮಾರು ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಭಂಡಾರವಿತ್ತೆಂದು ಪ್ರತೀತಿ. ಆದರೆ ಇಲ್ಲಿ ಕಾಗದವು ಬರೆಯುವ ವಸ್ತುವಾಗಿ ಬೆಳೆಯಿತು. ಜಪಾನಿನಲ್ಲಿ ಅದು ಬರಹದ ಜೊತೆಗೆ ಮಡಿಕೆಯ ವಸ್ತುವೂ ಆಯಿತು. ಮಡಚುವ ಈ ಕಲೆಗೆ ‘ಓರಿಗಾಮಿ’ ಎನ್ನುತ್ತಾರೆ. ಕೊಕ್ಕರೆಗಳನ್ನು ಮಡಚುವ ಬಗೆಯನ್ನು ತಿಳಿಸುವ ಪುಸ್ತಕವೊಂದು 1797ರಷ್ಟು ಹಿಂದೆಯೇ ಅಲ್ಲಿ ಅಚ್ಚಾಗಿದೆ. ಅದಕ್ಕೂ ಮುಂಚೆ, 1734ರಲ್ಲಿ ಅಚ್ಚಾದ ಇನ್ನೊಂದು ಪುಸ್ತಕದ ಚಿತ್ರದಲ್ಲಿ, ಹಲವು ತುಂಡುಗಳನ್ನು ಕೂಡಿಸಿ ಕಟ್ಟಿದ ಕಾಗದದ ಪೆಟ್ಟಿಗೆಯೊಂದು ಕಾಣಿಸುತ್ತದೆ.

ಹಳೆಯ ಬಗೆಯ ಕಾಗದದ ಚೆಂಡುಗಳಲ್ಲಿ ಹೂಗಳನ್ನು ದಾರದಿಂದ ಹೊಲಿಯುತ್ತಿದ್ದರು ಅಥವಾ ಅಂಟಿಸುತ್ತಿದ್ದರು. ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಪತ್ರಾವಳಿ ಮಾಡುವಂತೆಯೇ ಇದು. ತುಂಡುಗಳನ್ನು ಒಂದರೊಳಗೊಂದು ಸಿಕ್ಕಿಸಿಯೇ ನಿಲ್ಲಿಸುವ ಬಗೆ ಬಹಳ ಪ್ರಚಾರಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. 1960ರ ದಶಕದ ಕೊನೆಯ ಹೊತ್ತಿಗೆ ಮಿತ್ಸುನೊಬು ಸೊನೊಬೆ ಎಂಬ ಜಪಾನಿ ಕಲಾವಿದರು ರೂಪಿಸಿದ ಒಂದು ಸರಳವಾದ ತುಂಡು ಇಂದು ಜಗತ್ತಿನ ಶಾಲೆಗಳಲ್ಲೆಲ್ಲ ಪರಿಚಿತವಾಗಿದೆ.

ಅದನ್ನು ಮಾಡುವ ಬಗೆ ಹೀಗೆ. ಒಂದು ಚೌಕಾಕಾರದ ಕಾಗದವನ್ನು ನಡುವೆ ಮಡಚಿ ಬಿಚ್ಚಿ ನಡುಗೆರೆಯನ್ನು ಮೂಡಿಸಬೇಕು. ಮೇಲಿನ ಅಂಚನ್ನೂ ಕೆಳಗಿನ ಅಂಚನ್ನೂ ಆ ಗೆರೆಯವರೆಗೆ ತಂದು ಮಡಚಿದರೆ, ಎರಡು ಬಾಗಿಲುಗಳನ್ನು ಮುಚ್ಚಿದಂತಹ ಅಡ್ಡಪಟ್ಟಿಯಾಗುತ್ತದೆ. ಈ ಪಟ್ಟಿಯ ಎಡಗಡೆಯ ಕೆಳಮೂಲೆಯನ್ನು ಓರೆಯಾಗಿ ಮೇಲಿನ ಅಂಚಿಗೂ, ಬಲಗಡೆಯ ಮೇಲ್ಮೂಲೆಯನ್ನು ಕೆಳಗಿನ ಅಂಚಿಗೂ ಮಡಚಬೇಕು. ಹಾಗೆ ಮಡಚಿದ ಮೂಲೆಗಳನ್ನು, ಮೇಲಕ್ಕೆ ಬಂದದ್ದನ್ನು ಮೇಲಿನ ಬಾಗಿಲಿನ ಅಡಿಗೆ, ಕೆಳಕ್ಕೆ ಬಂದದ್ದನ್ನು ಕೆಳಗಿನ ಬಾಗಿಲಿನ ಅಡಿಗೆ, ತೂರಿಸಬೇಕು. ಆಗ ಒಂದು ಸಮಾಂತರ ಚತುರ್ಭುಜ ದೊರೆಯುತ್ತದೆ. ಅದನ್ನು ಬೋರಲು ಹಾಕಿ ಎರಡು ಚೂಪಾದ ತುದಿಗಳನ್ನು ಒಳಕ್ಕೆ ಮಡಚಿದರೆ ನಡುವೆ ಚೌಕವೊಂದು ಉಳಿಯುತ್ತದೆ. ಇಷ್ಟೇ ಕೆಲಸ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಎಲ್ಲ ತುಂಡುಗಳ ಓರೆಯೂ ಒಂದೇ ದಿಕ್ಕಿಗಿರಬೇಕು. ಒಂದನ್ನು ಎಡಕ್ಕೂ ಮತ್ತೊಂದನ್ನು ಬಲಕ್ಕೂ ಮಡಚಿದರೆ ಅವೆರಡೂ ಎಂದಿಗೂ ಕೂಡಲಾರವು.

ಈ ತುಂಡನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಗುಟ್ಟು ತಿಳಿಯುತ್ತದೆ. ಅದಕ್ಕೆ ಎರಡು ನಾಲಗೆಗಳಿವೆ, ಎರಡು ಜೇಬುಗಳಿವೆ. ಒಂದು ತುಂಡಿನ ನಾಲಗೆಯು ಇನ್ನೊಂದರ ಜೇಬಿನಲ್ಲಿ ಸೇರುತ್ತದೆ. ಅದರ ಜೇಬಿಗೆ ಮೂರನೆಯದರ ನಾಲಗೆ ಬರುತ್ತದೆ. ಹೀಗೆ ಪ್ರತಿಯೊಂದು ತುಂಡೂ ಇಬ್ಬರನ್ನು ಹಿಡಿದುಕೊಂಡು ಇಬ್ಬರಿಂದ ಹಿಡಿಯಲ್ಪಟ್ಟಿರುತ್ತದೆ. ಅಂಟಿನ ಕೆಲಸವನ್ನು ಮಡಿಕೆಯೇ ಮಾಡುತ್ತದೆ. ಬೀದರಿನ ಬಿದರಿ ಕುಶಲಕರ್ಮಿಯ ಕೆಲಸವನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುವುದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಅವನು ಉಳಿಯಿಂದ ಗೀರು ತೆಗೆದು, ಬೆಳ್ಳಿಯ ತಂತಿಯನ್ನು ಆ ಗೀರಿನೊಳಗೆ ಬಡಿದು ಕೂಡಿಸುತ್ತಾನೆ. ಬಳಿಕ ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ತಿಕ್ಕಿದಾಗ ಪಾತ್ರೆ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಅಲ್ಲಿಯೂ ಬೆಳ್ಳಿಯನ್ನು ಹಿಡಿದಿರುವುದು ಗೀರಿನ ಅಳತೆಯೇ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ತಂತಿ ಏಳುತ್ತದೆ.

ಮಡಿಕೆಗೆ ಇಷ್ಟು ಬಲ ಎಲ್ಲಿಂದ ಬಂತು? ಎರಡು ಪುಸ್ತಕಗಳ ನಡುವೆ ಒಂದು ಹಾಳೆಯನ್ನು ಸೇತುವೆಯಂತೆ ಇಟ್ಟು ಅದರ ಮೇಲೆ ಒಂದು ಪೆನ್ನನ್ನಿಟ್ಟರೆ ಹಾಳೆ ಕುಸಿಯುತ್ತದೆ. ಅದೇ ಹಾಳೆಯನ್ನು ಬೀಸಣಿಗೆಯ ಹಾಗೆ ನೆರಿಗೆ ನೆರಿಗೆಯಾಗಿ ಮಡಚಿ ಇಟ್ಟರೆ ಪೆನ್ನನ್ನು ಸುಲಭವಾಗಿ ಹೊರುತ್ತದೆ. ಕಾಗದ ಬದಲಾಗಲಿಲ್ಲ, ಓರೆಯಾಗಿ ನಿಂತ ಪಟ್ಟಿಗಳು ಒಂದಕ್ಕೊಂದು ಆನಿಕೊಂಡು ಬಾಗದಂತೆ ತಡೆದವು. ಮಾಳಿಗೆಗೆ ಹೊದಿಸುವ ತಗಡನ್ನು ಅಲೆ ಅಲೆಯಾಗಿ ಮಾಡುವುದೂ ಇದೇ ಕಾರಣಕ್ಕೆ.

ಇನ್ನು ಎಷ್ಟು ತುಂಡುಗಳು ಬೇಕೆಂಬ ಪ್ರಶ್ನೆ. ಇದು ಇಡೀ ವಿಷಯದ ಸ್ವಾರಸ್ಯವಾದ ಭಾಗ. ಮೂರು ತುಂಡುಗಳು ಕೂಡಿದರೆ ಮೂರು ಮುಖಗಳ ಒಂದು ಸಣ್ಣ ಗೋಪುರವೇಳುತ್ತದೆ. ಅದರ ತಳ ಸಮಬಾಹು ತ್ರಿಭುಜ. ಇಂತಹ ಗೋಪುರಗಳನ್ನು ಒಂದು ಬಿಂದುವಿನ ಸುತ್ತ ಮೂರರಂತೆ ಜೋಡಿಸುತ್ತ ಹೋದರೆ ಆರು ತುಂಡುಗಳಿಗೆ ಆಕಾರ ಮುಚ್ಚಿಕೊಳ್ಳುತ್ತದೆ. ಅದು ಒಂದು ಘನ, ಪಗಡೆಯ ದಾಳದಂತಹದು. ನಾಲ್ಕರಂತೆ ಜೋಡಿಸಿದರೆ ಹನ್ನೆರಡು ತುಂಡುಗಳ ನಕ್ಷತ್ರ. ಐದರಂತೆ ಜೋಡಿಸಿದರೆ ಮೂವತ್ತು ತುಂಡುಗಳ ದೊಡ್ಡ ಚೆಂಡು. ಆರರಂತೆ ಜೋಡಿಸಿದರೆ? ಸಮಬಾಹು ತ್ರಿಭುಜದ ಕೋನ 60 ಅಂಶ. ಆರು ಕೋನಗಳು ಸೇರಿದರೆ 360 ಅಂಶವಾಗಿ ಬಿಂದುವಿನ ಸುತ್ತಲಿನ ಜಾಗವೆಲ್ಲ ತುಂಬಿಹೋಗುತ್ತದೆ. ಬಾಗಲು ಎಡೆಯೇ ಉಳಿಯದು. ಚಾಪೆಯಂತೆ ಚಪ್ಪಟೆಯಾಗಿ ಅದು ಹರಡುತ್ತಲೇ ಹೋಗುವುದೇ ಹೊರತು ಚೆಂಡಾಗದು. ಐದಾದಾಗ 60 ಅಂಶದ ಕೊರತೆ ಬೀಳುತ್ತದೆ. ಆ ಕೊರತೆಯೇ ಕಾಗದವನ್ನು ಬಗ್ಗಿಸಿ ದುಂಡಗೆ ಮಾಡುತ್ತದೆ.

ಮೂವತ್ತು ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಚೆಂಡಿನ ಒಳಗೆ ಇಪ್ಪತ್ತು ತ್ರಿಭುಜಗಳ ವಿಂಶತಿಮುಖಿಯೊಂದು ಅಡಗಿದೆ. ಇಪ್ಪತ್ತು ತ್ರಿಭುಜಗಳಿಗೆ ಒಟ್ಟು 60 ಬಾಹುಗಳು. ಒಂದೊಂದು ಬಾಹುವೂ ಎರಡು ತ್ರಿಭುಜಗಳಿಗೆ ಸಾಮಾನ್ಯವಾದುದರಿಂದ ಅಂಚುಗಳು 30. ಒಂದೊಂದು ಅಂಚಿಗೆ ಒಂದೊಂದು ತುಂಡು. ಎಂಟು ತ್ರಿಭುಜಗಳ ಅಷ್ಟಮುಖಿಗೆ ಹನ್ನೆರಡು ತುಂಡುಗಳೇಕೆಂಬುದನ್ನು ಇದೇ ರೀತಿ ಎಣಿಸಬಹುದು. ಹತ್ತು ಸೆಂಟಿಮೀಟರ್ ಚೌಕಗಳಿಂದ ಮಾಡಿದ ಮೂವತ್ತು ತುಂಡುಗಳ ಚೆಂಡು ತುದಿಯಿಂದ ತುದಿಗೆ ಸುಮಾರು ಹನ್ನೊಂದೂವರೆ ಸೆಂಟಿಮೀಟರ್ ಆಗುತ್ತದೆ. ಮೂರು ಬಣ್ಣದ ಕಾಗದಗಳಿಂದ ಹತ್ತು ಹತ್ತು ತುಂಡುಗಳನ್ನು ಮಾಡಿಕೊಂಡರೆ ಪ್ರತಿಯೊಂದು ಗೋಪುರದಲ್ಲಿಯೂ ಮೂರು ಬಣ್ಣಗಳು ಬರುವಂತೆ ಜೋಡಿಸಲು ಸಾಧ್ಯ. ಅದಕ್ಕೆ ಮಾತ್ರ ತುಸು ಯೋಚನೆ ಬೇಕು.

ಬೀದರಿಗೆ ಸಮೀಪದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. ಅಲ್ಲಿ ಗುಂಬಜದ ಅಡಿಯಲ್ಲಿ ನಿಂತು ತಲೆಯೆತ್ತಿದರೆ, ನಾಲ್ಕು ಮೂಲೆಯ ಕೋಣೆ ಮೇಲೇರುತ್ತ ಮೂಲೆಗಳಲ್ಲಿ ಕಮಾನುಗಳನ್ನು ತಳೆದು ಎಂಟು ಮೂಲೆಯಾಗಿ, ಕೊನೆಗೆ ದುಂಡಾಗುವುದು ಕಾಣುತ್ತದೆ. ನೇರವಾದ ಬದಿಗಳಿಂದ ದುಂಡನ್ನು ಪಡೆಯುವ ಸಮಸ್ಯೆಯನ್ನು ಆ ಶಿಲ್ಪಿಗಳು ಕಲ್ಲು ಗಾರೆಗಳಲ್ಲಿ ಬಿಡಿಸಿದರು.

ಕಾಗದ ಮಡಚುವುದರಿಂದ ರೇಖಾಗಣಿತವನ್ನು ಕಲಿಸಬಹುದೆಂದು ಭಾರತೀಯರೊಬ್ಬರು ಬಹಳ ಹಿಂದೆಯೇ ತೋರಿಸಿದ್ದರು. ಅವರು ತಂಡಲಂ ಸುಂದರರಾವ್. ಅವರ ಪುಸ್ತಕ 1893ರಲ್ಲಿ ಮದ್ರಾಸಿನಲ್ಲಿ ಪ್ರಕಟವಾಯಿತು. ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್‌ನ ಶಿಶುವಿಹಾರಗಳಲ್ಲಿ ಮಕ್ಕಳಿಗೆ ಕಾಗದ ಮಡಚಲು ಕೊಡುತ್ತಿದ್ದುದೇ ಅವರಿಗೆ ಸ್ಫೂರ್ತಿ. ಚೌಕ, ಪಂಚಭುಜ, ಷಡ್ಭುಜಗಳನ್ನು ಕೈವಾರದ ನೆರವಿಲ್ಲದೆ ಮಡಿಕೆಗಳಿಂದಲೇ ಪಡೆಯುವ ಬಗೆಯನ್ನು ಅವರು ವಿವರಿಸಿದರು. ಪ್ರಸಿದ್ಧ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಆ ಪುಸ್ತಕವನ್ನು ಗಮನಿಸಿ ತನ್ನ ಗ್ರಂಥದಲ್ಲಿ ಉಲ್ಲೇಖಿಸಿದನು. 1901ರಲ್ಲಿ ಅಮೆರಿಕದಲ್ಲಿ ಅದರ ಆವೃತ್ತಿ ಹೊರಬಂದಿತು. ಸ್ವದೇಶದ ಶಾಲೆಗಳಲ್ಲಿ ಅದಕ್ಕೆ ಅಷ್ಟು ಪ್ರಚಾರ ದೊರೆಯದಿದ್ದುದು ವಿಷಾದದ ಸಂಗತಿ.

ಈ ಕೆಲಸಕ್ಕೆ ಬೆಲೆಬಾಳುವ ಸಾಮಗ್ರಿ ಬೇಡ. ವರ್ಷ ಮುಗಿದ ನೋಟುಬುಕ್ಕಿನ ಹಾಳೆಗಳು, ಹಳೆಯ ಕ್ಯಾಲೆಂಡರಿನ ಪುಟಗಳು ಸಾಕು. ಔರಾದದ ಹಳ್ಳಿಯ ಶಾಲೆಯಲ್ಲಿಯೂ ಇವು ದೊರೆಯುತ್ತವೆ. ಬೇಕಾದುದು ತಾಳ್ಮೆ. ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ಎಲ್ಲೋ ಒಂದೆಡೆ ಐದರ ಬದಲು ಆರು ಗೋಪುರಗಳನ್ನು ಕೂಡಿಸಿಬಿಡುವುದು. ಆಗ ಏನೂ ತೋರದು. ಇಪ್ಪತ್ತೈದನೆಯ ತುಂಡಿನ ಹೊತ್ತಿಗೆ ಚೆಂಡು ಮುಚ್ಚಿಕೊಳ್ಳಲು ನಿರಾಕರಿಸುತ್ತದೆ. ಒತ್ತಿ ಸೇರಿಸಲು ಹೋದರೆ ಕಾಗದ ಹರಿಯುತ್ತದೆ. ಒಂದೊಂದಾಗಿ ಬಿಚ್ಚುತ್ತ ತಪ್ಪಿದ ಸ್ಥಳದವರೆಗೆ ಹಿಂದಿರುಗುವುದೊಂದೇ ದಾರಿ. ಅಂಟು ಹಚ್ಚಿದ್ದರೆ ಅದೂ ಸಾಧ್ಯವಾಗುತ್ತಿರಲಿಲ್ಲ.

ಮೂವತ್ತನೆಯ ತುಂಡು ಎಲ್ಲಕ್ಕಿಂತ ಕಠಿಣ. ಅಷ್ಟರಲ್ಲಿ ಚೆಂಡು ಬಹುತೇಕ ಮುಚ್ಚಿರುತ್ತದೆ; ಒಳಗಡೆಯಿಂದ ಆಸರೆ ಕೊಡಲು ಬೆರಳು ಹೋಗುವುದಿಲ್ಲ. ಒಂದು ನಾಲಗೆಯನ್ನು ಸೇರಿಸಿದರೆ ಎದುರಿನದು ಜಾರುತ್ತದೆ. ನಾಲ್ಕು ಕಡೆಯೂ ಸ್ವಲ್ಪ ಸ್ವಲ್ಪವೇ ಒಳಕ್ಕೆ ತಳ್ಳುತ್ತ ಬರಬೇಕು. ಅದು ಸರಿಯಾಗಿ ಕೂತ ಕ್ಷಣದಲ್ಲಿ, ಅದುವರೆಗೆ ಕೈಯಲ್ಲಿ ಅಲುಗಾಡುತ್ತಿದ್ದ ಚೆಂಡು ಒಮ್ಮೆಗೇ ಬಿಗಿಯಾಗುತ್ತದೆ. ಇನ್ನು ಒಂದು ತುದಿಗೆ ದಾರ ಪೋಣಿಸಿ, ಆಕಾಶಬುಟ್ಟಿಯ ಪಕ್ಕದಲ್ಲಿ ಅದನ್ನು ತೂಗುಹಾಕಬಹುದು.