ಮೇಸ್ತ್ರಿಯ ಋಣ

ನಮ್ಮ ಊರಿನಲ್ಲಿ ಮನೆ ಕಟ್ಟುವ ಮೇಸ್ತ್ರಿಯೊಬ್ಬರಿದ್ದಾರೆ. ನಾನಿಂದು ಬರೆಯಹೊರಟಿರುವುದು ಅವರ ಮನೆಗಳನ್ನು ಕುರಿತಲ್ಲ. ಭಾನುವಾರಗಳಂದು ಅವರು ಹೇಳುವ ಗಣಿತಪಾಠವನ್ನು ಕುರಿತು.

ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ, 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಅದರಂತೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳೂ ಭಾನುವಾರ ಶಾಲೆಯೊಂದಕ್ಕೆ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಒಮ್ಮೆ ನಮ್ಮ ಹುಡುಗನೊಬ್ಬನು ಲಂಬಕೋನ ತ್ರಿಭುಜದ ಪ್ರಮೇಯವನ್ನು ಮೂರು ಬಾರಿ ಒಪ್ಪಿಸಿದ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತಲೆ ತಗ್ಗಿಸಿ, "ನನಗಿದು ಹತ್ತುವುದಿಲ್ಲ ಅಣ್ಣ, ಇನ್ನು ನಾನು ಬರುವುದಿಲ್ಲ" ಎಂದಳು.

ಗೋಡೆ ದುರಸ್ತಿಗೆ ಬಂದಿದ್ದ ಮೇಸ್ತ್ರಿ ಆ ಮಾತನ್ನು ಕೇಳಿಸಿಕೊಂಡರು. ಎಲ್ಲರನ್ನೂ ಅಂಗಳಕ್ಕೆ ಕರೆದು, ಗೂಟ ನೆಟ್ಟು, ಎರಡು ದಾರಗಳನ್ನು ಎಳೆದು ಕಟ್ಟಿ, ಒಂದರ ಮೇಲೆ ಮೂರು ಅಡಿಗೂ ಇನ್ನೊಂದರ ಮೇಲೆ ನಾಲ್ಕು ಅಡಿಗೂ ಗುರುತು ಹಾಕಿದರು.

"ಗುರುತಿನಿಂದ ಗುರುತಿಗೆ ಅಳೆಯಮ್ಮ."

"ಐದು ಅಡಿ ಎರಡು ಅಂಗುಲ."

"ಮೂಲೆ ಕೂತಿಲ್ಲ. ದಾರ ಒಳಕ್ಕೆ ಸರಿಸು."

ಹುಡುಗಿ ಸರಿಸಿದಳು, ಅಳತೆ ಸರಿಯಾಗಿ ಐದು ಅಡಿಗೆ ನಿಂತಿತು. ಮೂಲೆಮಟ್ಟವನ್ನಿಟ್ಟು ನೋಡಿದರೆ ಕೂದಲೆಳೆಯ ಸಂದೂ ಇಲ್ಲ! ಆಗ ನಮ್ಮ ಹುಡುಗ ನೆಲದ ಮೇಲೆ ಚೌಕಗಳನ್ನು ಬರೆದ. ಒಂಬತ್ತಕ್ಕೆ ಹದಿನಾರು ಸೇರಿಸಿದರೆ ಇಪ್ಪತ್ತೈದೆಂಬುದನ್ನು ಆಕೆ ತಾನೇ ಎಣಿಸಿಕೊಂಡಳು.

ಇದು ಹೊಸ ವಿದ್ಯೆಯೇನಲ್ಲ. ಯಜ್ಞವೇದಿಕೆಯನ್ನು ಅಳೆಯಲು ಬೌಧಾಯನ ಶುಲ್ಬಸೂತ್ರವು ಹೇಳಿದುದೂ ಹಗ್ಗದ ಗಣಿತವನ್ನೇ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಗಣಿತಗ್ರಂಥವನ್ನು ರಚಿಸಿದಾಗ ಅದಕ್ಕಿಟ್ಟ ಹೆಸರು 'ವ್ಯವಹಾರಗಣಿತ'. ವ್ಯವಹಾರದಿಂದ ಗಣಿತವನ್ನು ಬಿಡಿಸಿ ಕರಿಹಲಗೆಗೆ ಕಟ್ಟಿಹಾಕಿದವರು ನಾವು.

ಅಂದಿನಿಂದ ಮೇಸ್ತ್ರಿ ಬಿಡುವಿದ್ದ ಭಾನುವಾರಗಳಂದು ಶಾಲೆಗೆ ಬರುತ್ತಾರೆ. ಕಾರಣ ಕೇಳಿದೆ.

"ಏಳನೆಯ ತರಗತಿಯಲ್ಲಿ ಲೆಕ್ಕಕ್ಕೆ ಹೆದರಿ ಶಾಲೆ ಬಿಟ್ಟವನು ನಾನು, ಮೇಷ್ಟ್ರೇ. ಕೊನೆಗೆ ಅನ್ನ ಕೊಟ್ಟದ್ದು ಅದೇ ಲೆಕ್ಕ. ಮುದುಕ ಮೇಸ್ತ್ರಿಯೊಬ್ಬರು ಬಿಡಿಗಾಸೂ ಕೇಳದೆ ಕಲಿಸಿದರು. ಅವರಿಗೆ ತೀರಿಸೋಣವೆಂದರೆ ಅವರೇ ಇಲ್ಲ. ಈ ಮಕ್ಕಳಿಗಾದರೂ ತೀರಿಸಬೇಡವೇ?"

ವಿದ್ಯಾದಾನವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ದಾನಿಯ ಕೈ ಮೇಲಿರುತ್ತದೆ. ಸಾಲ ತೀರಿಸುವವನ ಕೈ ತಗ್ಗಿರುತ್ತದೆ. ಕಲಿಸುವವನಿಗೆ ಒಪ್ಪುವುದು ಈ ಎರಡನೆಯ ಕೈ. ನಮ್ಮ ವಿದ್ಯಾರ್ಥಿಗಳು ಮಾತ್ರವಲ್ಲ, ಇಪ್ಪತ್ತು ವರ್ಷ ಪಾಠ ಹೇಳಿದ ನಾನೂ ಅದನ್ನು ಅಂದೇ ಕಲಿತೆ.

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು, ದಾರ ಹಿಡಿದು ನಿಂತಿದ್ದವಳು ಆ ಹುಡುಗಿ.