ತಿಂಗಳು ತುಂಬದ ಮಗುವನ್ನು ತೂಗಬಹುದೇ?

ಪ್ರಶ್ನೆ: ಎನ್‌ಐಸಿಯುನಲ್ಲಿರುವ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿರುವ) ಮಗುವನ್ನು ಮೆಲ್ಲಗೆ ತೂಗಿದರೆ ಅನುಕೂಲವಾಗುತ್ತದೆಯೇ?

ಉತ್ತರ: ಅನುಕೂಲವಾಗಬಹುದು ಎಂಬ ಊಹೆಗೆ ಆಧಾರವಿದೆ. ಗರ್ಭದಲ್ಲಿ ತಾಯಿಯ ನಡಿಗೆಯ ಜೊತೆಗೇ ಓಲಾಡುತ್ತಿದ್ದ ಶಿಶು ಇನ್‌ಕ್ಯುಬೇಟರಿನಲ್ಲಿ ಅಲುಗದ ಹಾಸಿಗೆಯ ಮೇಲೆ ಮಲಗಿರುತ್ತದೆ. ಮಿದುಳಿನ್ನೂ ಬಲಿಯದ್ದರಿಂದ ಆಗಾಗ ಉಸಿರು ನಿಲ್ಲುತ್ತದೆ, ಮಾನಿಟರ್ ಕೂಗಿಕೊಳ್ಳುತ್ತದೆ, ನರ್ಸ್ ಅಂಗಾಲು ಉಜ್ಜಿದರೆ ಉಸಿರು ಮರಳುತ್ತದೆ. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧಕಿ ಆನೆಲೀಸ್ ಕಾರ್ನರ್ ಇಂಥ ಶಿಶುಗಳನ್ನು ಮೆಲ್ಲಗೆ ಓಲಾಡುವ ನೀರಿನ ಹಾಸಿಗೆಯಲ್ಲಿ ಮಲಗಿಸಿದಾಗ ಈ ತೊಂದರೆ ಕಡಿಮೆಯಾಯಿತು. ಆದರೆ ಅದು ಸಣ್ಣ ಪ್ರಯೋಗ. ಮುಂದೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಓಲಾಟದಿಂದ ಉಸಿರು ನಿಲ್ಲುವ ಗಂಭೀರ ತೊಂದರೆ ತಪ್ಪುತ್ತದೆಂದು ಸಾಬೀತಾಗಲಿಲ್ಲ. ವೈದ್ಯರು ಈಗ ನೆಚ್ಚುವುದು ಕೆಫೀನ್ ಔಷಧವನ್ನು.

ಔಷಧವಲ್ಲದಿದ್ದರೇನು, ತೂಗಿದರೆ ನಷ್ಟವೇನಿಲ್ಲವಲ್ಲ ಎನ್ನುವವರಿದ್ದಾರೆ. ಇದನ್ನು ನಾನು ಪೂರ್ತಿ ಒಪ್ಪಲಾರೆ. ಹುಟ್ಟಿದ ಮೊದಲ ಮೂರು ದಿನ ಮಿದುಳಿನ ರಕ್ತನಾಳಗಳು ಬಹಳ ನಾಜೂಕು. ಆಗ ಅತಿ ಎಳೆಯ ಶಿಶುಗಳನ್ನು ಆದಷ್ಟು ಅಲುಗಿಸದಿರುವುದೇ ಕ್ಷೇಮ. ಶಿಶುವಿಗೆ ನಿಜಕ್ಕೂ ಬೇಕಾದದ್ದು ತಾಯಿಯ ಎದೆ ಎಂಬುದಕ್ಕೆ ಬಲವಾದ ಪುರಾವೆಯಿದೆ. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ (ಚರ್ಮಕ್ಕೆ ಚರ್ಮ ತಾಗುವಂತೆ ತಾಯಿಯ ಎದೆಗೆ ಒರಗಿಸಿಡುವುದು) ಪಡೆದ ಕಡಿಮೆ ತೂಕದ ಶಿಶುಗಳಲ್ಲಿ ಮೊದಲ 28 ದಿನಗಳ ಸಾವು ಕಾಲುಭಾಗದಷ್ಟು ಇಳಿಯಿತು. ಎದೆಗೊರಗಿದ ಮಗುವಿಗೆ ತಾಯಿಯ ಉಸಿರಿನ ಏರಿಳಿತವೂ ಸಿಗುತ್ತದೆ. ಆದ್ದರಿಂದ ತೊಟ್ಟಿಲಿನ ಬಗ್ಗೆ ಕೇಳುವ ಮೊದಲು, ಕಾಂಗರೂ ಆರೈಕೆ ಯಾವಾಗ ಶುರುಮಾಡಬಹುದೆಂದು ವೈದ್ಯರನ್ನು ಕೇಳಿ.